ಜೇಬಿನೊಳಗಿನ ಕೆಂಪು ರಿಬ್ಬನ್

ಇಂಗ್ಲೆಂಡಿನ ಮೀನುಗಾರರ ಊರು ಗ್ರಿಮ್ಸ್‌ಬಿಯಲ್ಲಿ, ಚುನಾವಣೆಗೆ ಮುಂಚಿನ ಶುಕ್ರವಾರ ಸಂಜೆ, ಮೀನು-ಚಿಪ್ಸ್ ಅಂಗಡಿಯ ಸಾಲು ಬಾಗಿಲವರೆಗೂ ಬೆಳೆದಿತ್ತು. ದಿನವಿಡೀ ಲೇಬರ್ ಪಕ್ಷಕ್ಕೆ ವೋಟ್ ಕೇಳುತ್ತಾ ಮನೆಮನೆಯ ಬಾಗಿಲು ಬಡಿದು, ಮುಖಕ್ಕೆ ಬಾಗಿಲು ಹಾಕಿಸಿಕೊಂಡಿದ್ದ ಗ್ಲೆನಿಸ್, ಎದೆಗೆ ಸಿಕ್ಕಿಸಿದ್ದ ಪಕ್ಷದ ಕೆಂಪು ರಿಬ್ಬನ್ ಹೂವನ್ನು ಕಿತ್ತು ಜೇಬಿಗೆ ತುರುಕಿ ನಿಂತಿದ್ದಳು. ಅವಳ ಮುಂದೆ ಇಬ್ಬರು ಮುದುಕರು, ಒಂದೇ ದೋಣಿಯಲ್ಲಿ ಮೀನು ಹಿಡಿದವರು.

“ಗುರುವಾರ ನಿಜವಾಗ್ಲೂ ಲೇಬರ್ ಬಿಟ್ಟು ಟೋರಿಗಳಿಗೆ ವೋಟ್ ಹಾಕ್ತೀಯೇನೋ ನಾರಿಸ್? ನಿಮ್ಮಪ್ಪನ ಶವಪೆಟ್ಟಿಗೆಗೆ ಕೆಂಪು ಬಾವುಟ ಹೊದಿಸಿದ್ವಿ ಕಣೋ.”

“ಅಪ್ಪನ್ನ ಮಧ್ಯ ಎಳೀಬೇಡ. ಯೂರೋಪ್ ಜೊತೆ ಇರ್ಬೇಕಾ, ಬಿಡ್ಬೇಕಾ ಅಂತ ಕೇಳಿದ್ರು. ಬಿಡಿ ಅಂದೆ. ಈಗ ನಮ್ ಲೇಬರ್‌ನೋರೇ ಇನ್ನೊಂದ್ಸಲ ಕೇಳ್ತೀವಿ ಅಂತಾರೆ. ಮೊದಲ್ನೇ ಸಲ ನನ್ ತಲೆ ಸರಿ ಇರ್ಲಿಲ್ವಾ?”

“ಟೋರಿಗಳು ಯಾವತ್ತಾದ್ರೂ ನಮ್ ಬೀದಿಗೆ ಬಂದಿದಾರಾ?”

“ಇಲ್ಲ. ಅದಕ್ಕೇ ಇನ್ನೂ ನಂಗೆ ಮೋಸ ಮಾಡಿಲ್ಲ.”

“ಮಾಡ್ತಾರೆ, ನೋಡ್ತಿರು.”

“ಮಾಡ್ಲಿ. ಬೇರೆಯೋರು ಮಾಡಿದ್ರೆ ಇಷ್ಟು ಉರಿಯಲ್ಲ.”

ಬಿಸಿ ಪೊಟ್ಟಣಗಳು ಕೈಗೆ ಬಂದವು. ತಿರುಗಿ ಹೊರಟ ನಾರಿಸ್‌ನ ಕಣ್ಣು ಗ್ಲೆನಿಸ್‌ಳ ಜೇಬಿನಿಂದ ಇಣುಕುತ್ತಿದ್ದ ಕೆಂಪು ತುದಿಯ ಮೇಲೆ ಬಿತ್ತು.

“ಹಾಕ್ಕೊಳಮ್ಮ,” ಎಂದ, ಹೊರಗಿನ ಚಳಿಗೆ ಬಾಗಿಲು ತೆರೆಯುತ್ತಾ. “ಅದನ್ನ ಹಾಕ್ಕೊಳ್ಳೋಕೆ ನಿಮಗೇ ನಾಚ್ಕೆ ಆದ್ರೆ, ನಮ್ಮನ್ನೇನು ವೋಟ್ ಕೇಳ್ತೀರಿ.”