ಜೊಲ್ಲು ಮೆತ್ತಿದ ಕೈ

೧೯೯೮ರಲ್ಲಿ ಯಸಳೂರಿನ ದನದ ಆಸ್ಪತ್ರೆಯಲ್ಲಿ ಕರುವಿಗೆ ಲಸಿಕೆ ಹಾಕಿಸಲು ನಿಂತಿದ್ದೆ. ಡಾಕ್ಟರಮ್ಮ ನನ್ನ ಮುಂದಿದ್ದ ಏಕಾಂತಯ್ಯನವರನ್ನು ವಿಚಾರಿಸುತ್ತಿದ್ದರು.

"ಕಾಲುಬಾಯಿ ಜ್ವರ ಒಂದೇ ಹಸೂಗೆ ಇದ್ದದ್ದಲ್ವಾ?"

"ಹೂಂ ಕಣಮ್ಮ. ಎಲ್ಲಕ್ಕೂ ಒಟ್ಟಿಗೇ ಬಂದು ಹೋಗ್ಲಿ ಅಂತ ಅದರ ಜೊಲ್ಲು ಬಳ್ಕಂಡು ಮಿಕ್ಕವುಗಳ ಬಾಯಿಗೆ ತಿಕ್ಬುಟ್ಟೆ."

"ಥೂ! ಬರಿಗೈಲಾ?"

"ನಮ್ಮಪ್ಪನೂ ಹಂಗೇ ಮಾಡ್ತಿದ್ದ."

"ಈ ರೋಗದ ವೈರಸ್ ಮೈಮೇಲೆ ಪ್ರೋಟೀನ್ ಇರುತ್ತೆ. ಅದು ಜೀವಕೋಶಕ್ಕೆ ಅಂಟ್ಕೊಂಡ್ರೆ ಸಾಕು, ಜೀವಕೋಶಾನೇ ವೈರಸ್ಸನ್ನ ಒಳಕ್ಕೆ ಎಳ್ಕೊಳ್ಳುತ್ತೆ."

"ರೋಗಾನ ಯಾರಾದ್ರೂ ತಾವೇ ಒಳಕ್ಕೆ ಕರ್ಕಂತಾರಾ?"

"ನೀವು ಮಾಡಿದ್ದೇನು ಮತ್ತೆ? ಕೈನಾದ್ರೂ ತೊಳೆದ್ರಾ?"

"ಪಂಚೇಲಿ ಒರೆಸ್ಕಂಡೆ."

"ಅಸಹ್ಯ! ಮೊದ್ಲು ಹೊರಗೆ ಹೋಗಿ ತೊಳ್ಕೊಂಡ್ ಬನ್ನಿ."

ಗೊಣಗುತ್ತಾ ಹೊರಟ ಏಕಾಂತಯ್ಯ ಬಾಗಿಲಲ್ಲಿ ನಿಂತು ನನ್ನ ಕರುವಿನ ಮೂತಿ ಸವರಿದರು.

"ಎಷ್ಟು ಮುದ್ದಾಗೈತೆ ಮಾರಾಯ!"