ಬಲೂನಿನ ಗ್ಯಾಸು

ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ‘ಮಿಷನ್ ಕೆಟ್ಟಿದೆ’ ಅಂತ ಚೀಟಿ ಅಂಟಿಸಿದ್ದರು. ಸೊಂಟ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದ ಲಾರಿ ಡ್ರೈವರ್ ಬೈದು ಎದ್ದು ಹೋಗುವವನಿದ್ದ. ಬಾಗಿಲ ಹತ್ತಿರ ಹೆಂಡತಿಯ ಜೊತೆ ನಿಂತಿದ್ದ ಬಲೂನು ಮಾರುವವನ ಮಾತು ಕೇಳಿ ಕೂತೇಬಿಟ್ಟ.

“ಏನಾಗಿದೆ ಸಾರ್ ಮಿಷನ್ನಿಗೆ?”

“ಹೀಲಿಯಂ ಖಾಲಿ. ಒಳಗಿನ ಅಯಸ್ಕಾಂತ ತಣ್ಣಗಿರೋಕೆ ಅದು ಬೇಕು. ಬರೋಕೆ ಇಪ್ಪತ್ತು ದಿನ ಆಗುತ್ತೆ,” ಎಂದ ಸ್ಕ್ಯಾನಿಂಗ್ ಮಾಡುವವನು.

“ಅಯ್ಯೋ, ಅಷ್ಟೇನಾ! ನಾನು ಬಲೂನಿಗೆ ತುಂಬೋದು ಅದನ್ನೇ. ಮನೇಲಿ ಎರಡು ಸಿಲಿಂಡರ್ ಇದೆ, ಈಗಲೇ ಹೊತ್ಕೊಂಡು ಬರ್ತೀನಿ.”

“ನಿಂದು ಗಾಳಿ ಥರ ಇರೋದಪ್ಪ. ಇದಕ್ಕೆ ನೀರಿನ ಥರ ಇರಬೇಕು. ಐಸು ಕೂಡ ಅದರ ಮುಂದೆ ಬೆಂಕಿ.”

“ಇವಳ ತಲೇಲಿ ಗಡ್ಡೆ ಇರಬಹುದು ಅಂದಿದಾರೆ ಸಾರ್. ಇಪ್ಪತ್ತು ದಿನ ತಡೆಯುತ್ತಾ?”

“ಅದನ್ನ ಡಾಕ್ಟರನ್ನೇ ಕೇಳು.”

ಬಲೂನಿನವನು ಹೆಂಡತಿಯ ಕಡೆ ತಿರುಗಿದ. “ಹದಿನೈದು ವರ್ಷದಿಂದ ಕಂಡವರ ಮಕ್ಕಳ ಕೈಗೆ ಕೊಟ್ಟು ಆಕಾಶಕ್ಕೆ ಬಿಟ್ಟಿದ್ದು ಇದನ್ನೇ ಕಣೇ.”

“ಬಿಡಿ, ನಾನು ನಿಮ್ಮ ಹೆಂಡ್ತಿ ಅಂತ ಗ್ಯಾಸಿಗೇನು ಗೊತ್ತಿತ್ತು?”

“ನಡಿ, ಬೇರೆ ಆಸ್ಪತ್ರೆ ನೋಡೋಣ.”

“ಬಲಗಡೆಗೆ ಬನ್ನಿ. ಎಡಗಡೆ ನಿಂತ್ರೆ ನೀವು ಕಾಣೋದೇ ಇಲ್ಲ.”

“ಯಾವಾಗಿಂದ?”

ಅವಳು ಬಲಗೈ ಚಾಚಿದಳು. ಅವನು ಸುತ್ತಿ ಬಂದು ಅದನ್ನು ಹಿಡಿದುಕೊಂಡ. ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದರು.