ನೂರ ಐದನೆಯ ಮಣಿ

ಮಾನ್ಯ ಅಧ್ಯಕ್ಷರಾದ ದೇವೀರಪ್ಪನವರೇ, ಬೇಲೂರು ವಿಜ್ಞಾನ ಕೂಟದ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಹಿಂದಿನ ಬಾಗಿಲ ಹತ್ತಿರ ಕೂತವರೂ ಸೇರಿದಂತೆ ಎಲ್ಲ ಸಭಿಕರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಹೇಮಲತಾ ಮೇಡಂ ಸನ್ಮಾನಪತ್ರವನ್ನು ಸೊಗಸಾಗಿ ಓದಿದರು. ಉಲ್ಕೆಯ ಸದ್ದು ಕೇಳಿಯೇ ಅದು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಸಿಡಿಯಿತೆಂದು ಲೆಕ್ಕ ಹಾಕಿದ ಚಿದಂಬರ ಮೇಷ್ಟ್ರು ಎಂದು ಅದರಲ್ಲಿದೆ. ಆ ಎಪ್ಪತ್ತರ ಬಗ್ಗೆ ನಾನು ಸ್ವಲ್ಪ ಮಾತಾಡಬೇಕು.

ಎರಡು ವರ್ಷದ ಹಿಂದೆ ಒಂದು ಸಂಜೆ ಬಸ್ತಿಹಳ್ಳಿಯ ನಾಗಕುಮಾರ್ ಅವರ ಜಗಲಿಯಲ್ಲಿದ್ದೆ. ಅವರು ನಮ್ಮ ಶಾಲೆಯ ಕನ್ನಡ ಮೇಷ್ಟ್ರು. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿದವರು. ಜೈನರಲ್ಲವೇ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಜಪಮಣಿ ಹಿಡಿದು ಕೂತಿದ್ದರು. ಆಗ ಹಸಿರು ಬೆಂಕಿಯ ಉಂಡೆಯೊಂದು ಹಳೇಬೀಡಿನ ಕೆರೆಯ ಮೇಲೆ ಹಾದು, ಸಿಡಿದು, ಆರಿತು. ಸದ್ದೇ ಇಲ್ಲ.

"ಎಣಿಸೋ, ಸದ್ದು ಹಿಂದೆ ಬರ್ತದೆ" ಎಂದೆ. ಬೆಳಕು ಕೂಡಲೇ ಮುಟ್ಟುತ್ತದೆ; ಸದ್ದಿಗೆ ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ಬೇಕು. ಇದನ್ನು ನಿಮಗೆ ಎಷ್ಟು ಸಲ ಪಾಠ ಮಾಡಿಲ್ಲ? ಫೋನು ಒಳಗೆ ಚಾರ್ಜಿಗಿತ್ತು. ನಾನು ಮನಸ್ಸಿನಲ್ಲಿ ಎಣಿಸಿದೆ, ಅವರು ಸೆಕೆಂಡಿಗೊಂದು ಮಣಿ ಸರಿಸಿದರು. ಕೊನೆಗೆ ಧಡ್ ಧಡ್ ಎಂದು ಎರಡು ಸಲ ಕೇಳಿತು, ಕಿಟಕಿ ಗಾಜು ಅದುರಿತು.

"ಇನ್ನೂರ ಹತ್ತು" ಎಂದೆ.

"ನೂರ ಐದು ಕಣೋ. ನೂರೆಂಟರಲ್ಲಿ ಮೂರೇ ಮಣಿ ಉಳಿದಿರೋದು, ಬೇಕಾದ್ರೆ ನೋಡು" ಎಂದು ಬೆರಳು ಬಿಡದೆ ಮುಂದೆ ಹಿಡಿದರು.

ನೋಡಬೇಕಿತ್ತು. ನೋಡಲಿಲ್ಲ. ಮುಂದಿನ ವಾರ ಇದೇ ಕೂಟದಲ್ಲಿ ಅವರು ಎದ್ದು ಅದನ್ನೇ ಹೇಳಿದಾಗ, "ಮಣಿ ಎಣಿಸೋರ ಲೆಕ್ಕ ಕಟ್ಕೊಂಡು ವಿಜ್ಞಾನ ಮಾಡೋಕಾಗಲ್ಲ" ಎಂದೆ. ನೀವೆಲ್ಲ ನಕ್ಕಿರಿ. ಅವರು ಜಪಮಣಿಯನ್ನು ಜೇಬಿಗೆ ಹಾಕಿಕೊಂಡು ಹೋದರು. ಅಂದಿನಿಂದ ಮಾತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಇಬ್ಬರೂ ಬಸ್ಸಿನ ಬೋರ್ಡು ಓದುತ್ತೇವೆ.

ನಾನು ಅರಸೀಕೆರೆಯ ತೆಂಗಿನ ತೋಟದವರ ಮಗ. ಶಾಲೆಗೆ ಸೇರುವ ಮೊದಲೇ ಕಾಯಿ ಎಸೆದು ಎಣಿಸುವುದನ್ನು ಕಲಿತವನು. ಕೈಗೊಂದು ಕಾಯಿ, ಎರಡನ್ನೂ ಒಟ್ಟಿಗೆ ಎಸೆದು ಒಂದು ಎನ್ನಬೇಕು. ಕೊನೆಗೆ ಬಂದದ್ದನ್ನು ಎರಡರಷ್ಟು ಮಾಡಿ ಹೇಳಬೇಕು. ಹೋದ ತಿಂಗಳು ಊರಿಗೆ ಹೋದಾಗ ನಮ್ಮ ತೋಟದ ಆಳು ಕಲ್ಲೇಶಪ್ಪ ಕಾಯಿ ಎಣಿಸುತ್ತಿದ್ದ. ಅರವತ್ತಕ್ಕೆ ನಿಲ್ಲಿಸಿ, "ನೂರಿಪ್ಪತ್ತು ಬರ್ಕಳಿ ಸಾ" ಎಂದ. ಅವನು ಹೇಳುವ ಮೊದಲೇ ನನ್ನ ಕೈ ನೂರಿಪ್ಪತ್ತು ಬರೆದಾಗಿತ್ತು. ಪೆನ್ನು ಅಲ್ಲೇ ನಿಂತಿತು.

ಆ ಸಂಜೆ ನಾನು ಎಣಿಸಿದ್ದೂ ನೂರ ಐದೇ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ಸೆಕೆಂಡುಗಳನ್ನು ತೆಂಗಿನಕಾಯಿ ಮಾಡಿ ಎರಡರಷ್ಟು ಹೇಳಿಬಿಟ್ಟಿದ್ದೆ. ನಗಿ, ಪರವಾಗಿಲ್ಲ. ಅಂದು ಅವರನ್ನು ನೋಡಿ ನಕ್ಕವರು ಇಂದು ನನ್ನನ್ನು ನೋಡಿ ನಗಲೇಬೇಕು.

ತಿಳಿದ ಮೇಲೂ ಒಂದು ತಿಂಗಳು ಏಕೆ ಸುಮ್ಮನಿದ್ದೆ? ಈ ಶಾಲಿನ ಆಸೆ. ಹೇಳಲು ನಾಚಿಕೆಯಾಗುತ್ತದೆ. ಅವರಿಗೆ ಒಂದು ಕಾರ್ಡು ಮಾತ್ರ ಹಾಕಿದೆ, ದಯವಿಟ್ಟು ಬನ್ನಿ ಎಂದು. ಬಂದಿದ್ದಾರೆ. ಆ ಹಿಂದಿನ ಬಾಗಿಲ ಹತ್ತಿರ ಕೂತಿದ್ದಾರೆ.

ಅಧ್ಯಕ್ಷರೇ, ಸನ್ಮಾನಪತ್ರದಲ್ಲಿ ಎಪ್ಪತ್ತು ಹೊಡೆದು ಮೂವತ್ತೈದು ಮಾಡಿ. ನನ್ನ ಹೆಸರು ಹೊಡೆದು ಅವರ ಹೆಸರು ಬರೆಯಿರಿ. ನಾಗಕುಮಾರ, ತಪ್ಪು ನಂದು ಕಣೋ. ಹೊತ್ತು ಮುಳುಗೋಕೆ ಇನ್ನೊಂದು ಗಂಟೆ ಇದೆ, ಬಸ್ಸು ಹಿಡಿದರೆ ಊಟದ ಹೊತ್ತಿಗೆ ಮನೆ ಸೇರ್ತೀಯ. ನಂಗೂ ಊಟ ಹಾಕು ಅನ್ನೋ ಮುಖ ನಂಗಿಲ್ಲ. ಜಗಲಿ ಮೇಲೆ ಕೂತಿರ್ತೀನಿ, ಸಾಕು.

ಎದ್ದರು. ಬಾಗಿಲು ತೆಗೆದರು. ಸಭಿಕರೇ, ಯಾರೂ ತಿರುಗಿ ನೋಡಬೇಡಿ, ಅವರಿಗೆ ಸಂಕೋಚ. ಹೊರಗೆ ಹೋಗಿಲ್ಲ, ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದಾರೆ.

ನನ್ನ ಪಾಲಿನ ಕಾಫಿ ಬೇರೆಯವರಿಗೆ ಕೊಡಿ. ಕೇಳಿದ್ದಕ್ಕೆ ಎಲ್ಲರಿಗೂ ವಂದನೆ. ನಮಸ್ಕಾರ.